ಅಡ್ಡ ಬಂದವರು ಯಾರು?

ಕೈಬರಹ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ ಹತ್ತು ವರ್ಷದ ಹಿಂದೆ ನಾನೊಂದು ಪತ್ರ ಬರೆಯಬೇಕಾಗಿ ಬಂತು. ಆಗ ಬಿ.ಎ. ಎರಡನೇ ವರ್ಷದಲ್ಲಿದ್ದೆ. ತಿಪಟೂರಿನ ಹತ್ತಿರದ ನಮ್ಮೂರಿನಿಂದ ಮಗಳ ಮನೆಗೆಂದು ಬೆಂಗಳೂರಿಗೆ ಬಂದಿದ್ದ ದೊಡ್ಡಪ್ಪ, ಬಸ್ಸಿಳಿದು ರಸ್ತೆ ದಾಟುವಾಗ ಕಾರೊಂದು ಬಡಿದು ತೊಡೆಯ ಮೂಳೆ ಮುರಿದುಕೊಂಡರು. ಅವರನ್ನು ಕರೆದುಕೊಂಡು ಹೋಗಲು ರಸ್ತೆಯ ಆಚೆ ಬದಿಯಲ್ಲಿ ಕಾಯುತ್ತಿದ್ದವಳು ನಾನೇ. ಕಾರಿನ ಹುಡುಗ ಕೆಟ್ಟವನೇನಲ್ಲ. ತಾನೇ ಆಸ್ಪತ್ರೆಗೆ ಕರೆತಂದ, ಮೊದಲ ದಿನದ ಬಿಲ್ಲು ಕಟ್ಟಿದ, ಬೆವರುತ್ತಾ ನಿಂತಿದ್ದ. ಪೊಲೀಸು, ಕೋರ್ಟು ಯಾಕೆ ಎಂದು ಮನೆಯವರೆಲ್ಲ ಸೇರಿ ಮಾತಿನಲ್ಲೇ ಮುಗಿಸಿದರು. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅದರ ಒಂದು ವಾಕ್ಯ ಇವತ್ತಿಗೂ ನನಗೆ ಬಾಯಿಪಾಠ: "ನಮ್ಮ ದೊಡ್ಡಪ್ಪನವರು ಆಕಸ್ಮಿಕವಾಗಿ ವಾಹನಕ್ಕೆ ಅಡ್ಡ ಬಂದ ಕಾರಣ ಈ ಅಪಘಾತ ಸಂಭವಿಸಿದ್ದು, ಇದರಲ್ಲಿ ಚಾಲಕರ ತಪ್ಪು ಏನೂ ಇರುವುದಿಲ್ಲ."

ದೊಡ್ಡಪ್ಪ ಮಲಗಿದ್ದಲ್ಲೇ ಸಹಿ ಹಾಕಿದರು. ಹಾಕಿ, ಆ ಹುಡುಗನ ಕಡೆ ತಿರುಗಿ, "ನಂದೇ ತಪ್ಪು ಕಣಪ್ಪ, ನಾನೇ ಅಡ್ಡ ಬಂದೆ. ನಿನಗೆ ಸುಮ್ಮನೆ ತೊಂದರೆ ಆಯ್ತು" ಅಂದರು. "ಹಳ್ಳಿಯವರು, ಪಾಪ, ಗೊತ್ತಾಗಲಿಲ್ಲ" ಎಂದು ಪಕ್ಕದ ಮಂಚದವರು ಸಮಾಧಾನ ಹೇಳಿದರು. ಅವರು ದಾಟುತ್ತಿದ್ದ ಜಾಗದಲ್ಲಿ ಅರ್ಧ ಅಳಿಸಿಹೋದ ಬಿಳಿ ಪಟ್ಟೆಗಳಿದ್ದವು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಪತ್ರ ಬರೆಯುವಾಗ ನನ್ನ ಪೆನ್ನು ಎಲ್ಲೂ ತಡವರಿಸಲಿಲ್ಲ.

ಈಗ ನಗರಗಳ ಇತಿಹಾಸದ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಹಳೆಯ ಕಾಯಿದೆ, ಹಳೆಯ ವರದಿಗಳನ್ನು ಓದುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ನಾನು ಅಂದು ಬರೆದ ವಾಕ್ಯ ನನ್ನದಾಗಿರಲಿಲ್ಲ. ಅದು ಸಿದ್ಧವಾಗುವುದಕ್ಕೆ ಬಹಳ ವರ್ಷ ಹಿಡಿದಿತ್ತು, ಹಲವು ದೇಶಗಳ ಜನ ಅದಕ್ಕೆ ಕೈಹಾಕಿದ್ದರು. ಆ ಕಥೆಯನ್ನು ಹೇಳುವುದಕ್ಕೇ ಈ ಬರಹ.

*

ಮೊದಲು ನಮ್ಮ ಮಾತನ್ನೇ ನೋಡೋಣ. 'ಬೀದಿ' ಅನ್ನುವ ಪದ ಸಂಸ್ಕೃತದ 'ವೀಥಿ'ಯಿಂದ ಬಂದದ್ದು, 'ರಸ್ತೆ' ಪಾರ್ಸಿಯಿಂದ ಬಂದದ್ದು. ಇವತ್ತು ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ, ಆದರೆ ಬಳಕೆಯಲ್ಲಿ ಇವು ಬೇರೆಬೇರೆಯಾಗಿಯೇ ಉಳಿದಿವೆ. ತೇರುಬೀದಿ, ರಥಬೀದಿ, ಬೀದಿನಾಟಕ, ಬೀದಿಜಗಳ ಅನ್ನುತ್ತೇವೆ. ಬೀದಿಯೆಂದರೆ ಜನ ಇರುವ ಜಾಗ. ಅಲ್ಲಿ ತೇರು ಎಳೆಯಬಹುದು, ಸೊಪ್ಪು ಮಾರಬಹುದು, ಗೋಲಿ ಆಡಬಹುದು, ಸುಮ್ಮನೆ ನಿಂತು ಹರಟಬಹುದು. ರಸ್ತೆಯೆಂದರೆ ಹೋಗುವ ಜಾಗ. ಅಲ್ಲಿ ನಿಂತವನು ಅಡಚಣೆ.

ಬೀದಿಯಲ್ಲಿ ಯಾರೂ ಯಾರಿಗೂ ಅಡ್ಡ ಬರುವುದಿಲ್ಲ. ಎಲ್ಲರೂ ಎಲ್ಲ ದಿಕ್ಕಿಗೂ ಹೋಗುತ್ತಿರುತ್ತಾರೆ. 'ಅಡ್ಡ' ಎನ್ನಬೇಕಾದರೆ ಮೊದಲು ಒಂದು 'ನೇರ' ಇರಬೇಕು, ಅದು ಯಾರದೋ ಒಬ್ಬರದ್ದು ಎಂದು ಎಲ್ಲರೂ ಒಪ್ಪಿರಬೇಕು. ಕಾರಿನದು ನೇರ, ದೊಡ್ಡಪ್ಪನದು ಅಡ್ಡ ಎಂದು ನಾವೆಲ್ಲ ಒಪ್ಪಿದ್ದು ಯಾವಾಗ?

*

ಕಾರು ಹುಟ್ಟುವುದಕ್ಕೆ ಮೊದಲೇ ದೊಡ್ಡ ನಗರಗಳ ಬೀದಿ ದಾಟುವುದು ಕಷ್ಟವಾಗಿತ್ತು. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಎದುರು ಒಂದು ವಿಚಿತ್ರ ಕಂಬ ನಿಂತಿತು. ರೈಲ್ವೆ ಇಂಜಿನಿಯರ್ ಜಾನ್ ಪೀಕ್ ನೈಟ್ ರೈಲಿನ ಕೈಮರವನ್ನೇ ಬೀದಿಗೆ ತಂದಿದ್ದರು. ಹಗಲಿನಲ್ಲಿ ಎತ್ತಿ ಇಳಿಸುವ ಕೈಗಳು, ರಾತ್ರಿ ಗ್ಯಾಸಿನ ಕೆಂಪು-ಹಸಿರು ದೀಪ, ನಡೆಸಲು ಒಬ್ಬ ಪೊಲೀಸ್. ಕುದುರೆಗಾಡಿಗಳನ್ನು ತಡೆದು ಜನರಿಗೆ ದಾಟಲು ದಾರಿ ಮಾಡುವುದು ಅದರ ಉದ್ದೇಶ. ಮರು ತಿಂಗಳೇ ಗ್ಯಾಸ್ ಸೋರಿ ಸಿಡಿದು ಪೊಲೀಸ್ ಗಾಯಗೊಂಡ, ಕಂಬವನ್ನು ತೆಗೆದುಹಾಕಿದರು. ಜಗತ್ತಿನ ಮೊದಲ ಟ್ರಾಫಿಕ್ ಸಿಗ್ನಲ್ ಎಂದು ಹೆಸರಾದ ಇದು ನಿಲ್ಲಿಸಲು ಹುಟ್ಟಿದ್ದು ವಾಹನವನ್ನು, ನಡೆಯುವವರನ್ನಲ್ಲ.

ಅದೇ ಕಾಲದ ಬ್ರಿಟಿಷ್ ಕಾಯಿದೆ ಇನ್ನೂ ಕಟ್ಟುನಿಟ್ಟಾಗಿತ್ತು. 1865ರ ಕಾನೂನಿನ ಪ್ರಕಾರ ಯಂತ್ರದಿಂದ ಓಡುವ ಗಾಡಿ ಊರೊಳಗೆ ಗಂಟೆಗೆ 2 ಮೈಲಿ, ಊರಾಚೆ 4 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಅದರ ಮುಂದೆ 60 ಗಜ ದೂರದಲ್ಲಿ ಕೆಂಪು ಬಾವುಟ ಹಿಡಿದ ಒಬ್ಬ ಮನುಷ್ಯ ನಡೆಯಬೇಕಿತ್ತು. ಇವತ್ತು ಇದನ್ನು ಓದಿ ನಗುತ್ತೇವೆ. ಆದರೆ ಅದರ ಹಿಂದಿದ್ದ ತಿಳುವಳಿಕೆಯನ್ನು ಗಮನಿಸಿ: ಬೀದಿ ನಡೆಯುವವರದು, ಗಾಡಿ ಅತಿಥಿ, ಅತಿಥಿ ತಾನು ಬರುತ್ತಿದ್ದೇನೆಂದು ಹೇಳಿ ಬರಬೇಕು.

1896ರಲ್ಲಿ ಈ ತಿಳುವಳಿಕೆ ಸಡಿಲವಾಯಿತು. ಹೊಸ ಕಾಯಿದೆ ಹಗುರ ಮೋಟಾರು ಗಾಡಿಗಳನ್ನು ಹಳೆಯ ಕಟ್ಟುಗಳಿಂದ ಬಿಡಿಸಿ ವೇಗದ ಮಿತಿಯನ್ನು ಹಲವು ಪಟ್ಟು ಏರಿಸಿತು. ಅದು ಜಾರಿಗೆ ಬರುವ ಮೂರು ತಿಂಗಳ ಮುಂಚೆ, ಆಗಸ್ಟ್ 17ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಮಗಳೊಂದಿಗೆ ನಡೆದು ಹೋಗುತ್ತಿದ್ದ 44 ವರ್ಷದ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಪ್ರದರ್ಶನಕ್ಕೆ ತಂದಿದ್ದ ಕಾರಿಗೆ ಸಿಕ್ಕಿ ಸತ್ತರು. ಬ್ರಿಟನ್ನಿನಲ್ಲಿ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಎಂದು ಇತಿಹಾಸ ಅವರನ್ನು ನೆನೆಯುತ್ತದೆ. ಗಾಡಿ ಎಷ್ಟು ವೇಗವಾಗಿತ್ತು ಎಂಬುದರ ಬಗ್ಗೆ ವಿಚಾರಣೆಯಲ್ಲಿ ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ಬಂದ ತೀರ್ಪು: ಆಕಸ್ಮಿಕ ಸಾವು. ಇಂಥದ್ದು ಇನ್ನೆಂದೂ ನಡೆಯದಿರಲಿ ಎಂದು ವಿಚಾರಣಾಧಿಕಾರಿ ಆಶಿಸಿದರಂತೆ.

'ಆಕಸ್ಮಿಕ.' ನನ್ನ ಪತ್ರದಲ್ಲಿದ್ದ ಪದ.

*

ಕಥೆಯ ಮುಖ್ಯ ತಿರುವು ಇರುವುದು ಅಮೆರಿಕದಲ್ಲಿ. 1920ರ ಹೊತ್ತಿಗೆ ಅಲ್ಲಿ ಕಾರುಗಳ ಸಂಖ್ಯೆ ವಿಪರೀತ ಹೆಚ್ಚಿತ್ತು. ಸಾಯುತ್ತಿದ್ದವರಲ್ಲಿ ಬಹಳಷ್ಟು ಜನ ನಡೆಯುವವರು, ಅದರಲ್ಲೂ ಬೀದಿಯಲ್ಲಿ ಆಡುವ ಮಕ್ಕಳು. ಆ ಕಾಲದ ಪತ್ರಿಕೆಗಳು ಚಾಲಕರನ್ನು ಕೊಲೆಗಾರರೆಂದು ಜರೆಯುತ್ತಿದ್ದವು. ಸಾವೇ ಅಸ್ಥಿಪಂಜರದ ರೂಪದಲ್ಲಿ ಕಾರು ಓಡಿಸುವ ವ್ಯಂಗ್ಯಚಿತ್ರಗಳು ಬರುತ್ತಿದ್ದವು. ಜನರ ಸಿಟ್ಟೆಲ್ಲ ವಾಹನದ ಮೇಲಿತ್ತು.

ಈ ಸಿಟ್ಟು 1923ರಲ್ಲಿ ಸಿನ್ಸಿನಾಟಿ ನಗರದಲ್ಲಿ ಒಂದು ರೂಪ ಪಡೆಯಿತು. ಪ್ರತಿ ಕಾರಿಗೂ ಗಂಟೆಗೆ 25 ಮೈಲಿ ದಾಟದಂತೆ ತಡೆಯುವ ಯಂತ್ರ ಜೋಡಿಸಬೇಕೆಂದು 42,000 ಜನ ಸಹಿ ಹಾಕಿದರು. ವಿಷಯ ಮತದಾನಕ್ಕೆ ಬಂತು. ಕಾರು ಮಾರುವವರು, ತಯಾರಿಸುವವರು ಒಟ್ಟಾಗಿ ಭಾರೀ ಪ್ರಚಾರ ಮಾಡಿ ಅದನ್ನು ಸೋಲಿಸಿದರು. ಆದರೆ ಗೆದ್ದವರಿಗೇ ದಿಗಿಲಾಗಿತ್ತು. ಇವತ್ತು ಇಲ್ಲಿ ಸೋಲಿಸಿದೆವು, ನಾಳೆ ಇನ್ನೊಂದು ಊರಿನಲ್ಲಿ? ಇತಿಹಾಸಕಾರ ಪೀಟರ್ ನಾರ್ಟನ್ ತಮ್ಮ 'ಫೈಟಿಂಗ್ ಟ್ರಾಫಿಕ್' ಪುಸ್ತಕದಲ್ಲಿ ತೋರಿಸುವ ಹಾಗೆ, ಮೋಟಾರು ಉದ್ಯಮ ಒಂದಾಗಿ ನಿಂತು, ಬೀದಿ ಯಾರದು ಎಂಬ ಪ್ರಶ್ನೆಯನ್ನೇ ತಿರುಗಿಸಲು ಹೊರಟದ್ದು ಇದಾದ ಮೇಲೆ.

ಅದಕ್ಕೆ ಸಿಕ್ಕ ಆಯುಧ ಒಂದು ಬೈಗುಳ. 'ಜೇ' ಎಂದರೆ ಅಮೆರಿಕದ ಆಡುಮಾತಿನಲ್ಲಿ ಪಟ್ಟಣದ ರೀತಿ ತಿಳಿಯದ ಹಳ್ಳಿಮುಕ್ಕ. ಅದರಿಂದ 'ಜೇವಾಕರ್': ನಡೆಯಲೂ ಬಾರದ ಗಮಾರ. ಮೊದಮೊದಲು 'ಜೇ ಡ್ರೈವರ್' ಅನ್ನುವ ಪದವೂ ಇತ್ತು, ಗಾಡಿ ಓಡಿಸಲು ಬಾರದವರನ್ನು ಬೈಯಲು. ಅದು ಮರೆತುಹೋಯಿತು, ಇದು ಉಳಿಯಿತು. ಸ್ಕೌಟ್ ಹುಡುಗರು ಬೀದಿಯಲ್ಲಿ ನಿಂತು, ಎಲ್ಲೆಂದರಲ್ಲಿ ದಾಟುವ ದೊಡ್ಡವರ ಕೈಗೆ ತಪ್ಪು ತಿಳಿಸುವ ಚೀಟಿ ಕೊಟ್ಟರು. ಶಾಲೆಗಳಲ್ಲಿ ಮಕ್ಕಳಿಗೆ ರಸ್ತೆಯಿಂದ ದೂರವಿರುವ ಪಾಠ ಶುರುವಾಯಿತು. ವಾಹನ ತಯಾರಕರ ಸಂಘ ಪತ್ರಿಕೆಗಳಿಗೆ ಪುಕ್ಕಟೆಯಾಗಿ ಅಪಘಾತದ ಸುದ್ದಿ ಬರೆದುಕೊಡುವ ವ್ಯವಸ್ಥೆ ಮಾಡಿತು. ಸುದ್ದಿಗಾರರು ವಿವರ ಕಳಿಸಿದರೆ ಸಾಕು, ಸಿದ್ಧ ಬರಹ ವಾಪಸ್ಸು ಬರುತ್ತಿತ್ತು, ತಪ್ಪಿನ ಭಾರವನ್ನು ನಡೆಯುವವನ ಕಡೆಗೆ ವಾಲಿಸಿಕೊಂಡು. 1925ರಲ್ಲಿ ಲಾಸ್ ಏಂಜಲೀಸ್ ನಗರ ನಡೆಯುವವರು ಎಲ್ಲಿ, ಹೇಗೆ ದಾಟಬೇಕೆಂದು ಬಿಗಿಯಾದ ನಿಯಮ ಮಾಡಿತು. ಅದೇ ಮಾದರಿ 1928ರ ಹೊತ್ತಿಗೆ ದೇಶದ ಉಳಿದ ನಗರಗಳಿಗೂ ಹಬ್ಬಲು ಸಿದ್ಧವಾಯಿತು.

ಇದರಲ್ಲಿ ಎಲ್ಲವೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ರಸ್ತೆ ನೋಡಿ ದಾಟು ಎಂದು ಕಲಿಸುವುದು ಒಳ್ಳೆಯದೇ. ಆದರೆ ಹತ್ತು ಹನ್ನೆರಡು ವರ್ಷದೊಳಗೆ ಪ್ರಶ್ನೆಯೇ ಬದಲಾಗಿತ್ತು. 'ಕಾರನ್ನು ಹೇಗೆ ನಿಧಾನಿಸುವುದು?' ಎಂಬುದು ಹೋಗಿ 'ನಡೆಯುವವರನ್ನು ಹೇಗೆ ಸರಿಸುವುದು?' ಎಂಬುದು ಬಂತು. ಎರಡಕ್ಕೂ ಇಟ್ಟ ಹೆಸರು ಮಾತ್ರ ಒಂದೇ, 'ಸುರಕ್ಷತೆ'. ಪಕ್ಕದ ಮಂಚದವರು "ಹಳ್ಳಿಯವರು, ಪಾಪ" ಅಂದಾಗ ಅವರಿಗೆ ಈ 'ಜೇ' ಪದ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಅದನ್ನೇ ಕನ್ನಡದಲ್ಲಿ ಹೇಳಿದ್ದರು.

*

ಬ್ರಿಟನ್ ಸ್ವಲ್ಪ ಬೇರೆ ದಾರಿ ಹಿಡಿಯಿತು. ಅಲ್ಲಿ 1930ರಲ್ಲಿ ಕಾರುಗಳಿಗೆ ವೇಗದ ಮಿತಿಯನ್ನೇ ರದ್ದು ಮಾಡಿದ್ದರು. 1934ರಲ್ಲಿ ರಸ್ತೆಯಲ್ಲಿ 7,343 ಜನ ಸತ್ತರು, ಅದರಲ್ಲಿ ಸುಮಾರು ಅರ್ಧದಷ್ಟು ನಡೆಯುವವರು. ಆ ವರ್ಷ ಸಾರಿಗೆ ಮಂತ್ರಿಯಾದ ಲೆಸ್ಲಿ ಹೋರ್-ಬೆಲಿಷಾ, ಅಧಿಕಾರ ಹಿಡಿದ ಸ್ವಲ್ಪ ದಿನಕ್ಕೇ ಕ್ಯಾಮ್ಡನ್ ಹೈ ಸ್ಟ್ರೀಟಿನಲ್ಲಿ ರಸ್ತೆ ದಾಟುವಾಗ ಕಾರೊಂದರಿಂದ ಕೂದಲೆಳೆಯಲ್ಲಿ ಪಾರಾದರು. ಮಂತ್ರಿಗಳು ಕಾಲ್ನಡಿಗೆಯಲ್ಲಿ ರಸ್ತೆ ದಾಟಿದರೆ ಕೆಲವೊಮ್ಮೆ ಕೆಲಸ ಬೇಗ ಆಗುತ್ತದೆ. ಊರೊಳಗೆ ಗಂಟೆಗೆ 30 ಮೈಲಿಯ ಮಿತಿ ಮರಳಿತು, ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾಯಿತು. ದಾಟುವ ಜಾಗಗಳ ಎರಡೂ ಬದಿಗೆ ಕಪ್ಪು-ಬಿಳಿ ಪಟ್ಟೆಯ ಕಂಬದ ಮೇಲೆ ಕಿತ್ತಳೆ ಬಣ್ಣದ ಗೋಳಗಳು ಬಂದವು. ಜನ ಅವಕ್ಕೆ 'ಬೆಲಿಷಾ ಬೀಕನ್' ಎಂದು ಮಂತ್ರಿಯ ಹೆಸರನ್ನೇ ಇಟ್ಟರು. ಪೋಲಿ ಹುಡುಗರು ಗುರಿಯಿಟ್ಟು ಕಲ್ಲು ಹೊಡೆದರು. ಆದರೂ ಕಂಬಗಳು ಉಳಿದವು, ಇವತ್ತಿಗೂ ಇವೆ.

ಅಲ್ಲಿ ನಡೆಯುವವರಿಗೆ ಮೊದಲ ಹಕ್ಕು ಎಂದು ನಿಯಮ ಹೇಳುತ್ತಿತ್ತು. ಆದರೆ ರಸ್ತೆಯ ಮೇಲೆ ದಾಟುವ ಜಾಗ ಗುರುತಿಸಲು ಇದ್ದದ್ದು ಲೋಹದ ಗುಬುಟುಗಳ ಸಾಲು ಮಾತ್ರ. ಕಾಲ್ನಡಿಗೆಯವರಿಗೆ ಅವು ಕಾಣುತ್ತಿದ್ದವು, ವೇಗವಾಗಿ ಬರುವ ಚಾಲಕರಿಗೆ ಕಾಣುತ್ತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ರಸ್ತೆ ಸಂಶೋಧನಾ ಪ್ರಯೋಗಾಲಯದವರು ಇದನ್ನೇ ಪರೀಕ್ಷಿಸಿದರು: ದೂರದಿಂದ ಬರುವ ಕಣ್ಣಿಗೆ ಯಾವ ಗುರುತು ಬೇಗ ಕಾಣುತ್ತದೆ? ಬೇರೆ ಬೇರೆ ಬಣ್ಣಗಳನ್ನು ಬಳಿದು ನೋಡಿದರು. ಗೆದ್ದದ್ದು ಕಪ್ಪು-ಬಿಳಿ ಪಟ್ಟೆ. 1949ರಲ್ಲಿ ದೇಶದ ಹಲವೆಡೆ ಪ್ರಯೋಗ ನಡೆಯಿತು, 1951ರಲ್ಲಿ ಕಾನೂನಾಯಿತು. ಪಟ್ಟೆಯ ಮೇಲೆ ಕಾಲಿಟ್ಟವರಿಗೆ ವಾಹನ ದಾರಿ ಬಿಡಲೇಬೇಕು. ನಮಗೆಲ್ಲ ಗೊತ್ತಿರುವ ಜೀಬ್ರಾ ಕ್ರಾಸಿಂಗ್ ಹುಟ್ಟಿದ್ದು ಹೀಗೆ.

ಇದನ್ನು ಓದುವಾಗ ನನಗೆ ಹೊಸದಾಗಿ ಕಂಡದ್ದು ಇಷ್ಟು. ಆ ಪಟ್ಟೆಗಳು ನಡೆಯುವವರಿಗೆ 'ಇಲ್ಲಿ ದಾಟು' ಎಂದು ತೋರಿಸುವುದಕ್ಕೆ ಹುಟ್ಟಿದ್ದಲ್ಲ. ಚಾಲಕನ ಕಣ್ಣಿಗೆ 'ಇಲ್ಲಿ ನಿಲ್ಲು' ಎಂದು ಹೇಳಲು ಹುಟ್ಟಿದ್ದು.

ಹಾಗೆಂದು ಬ್ರಿಟನ್ ಎಲ್ಲವನ್ನೂ ಸರಿ ಮಾಡಿತು ಎನ್ನಲಾಗದು. ಲಂಡನ್ ಪೊಲೀಸ್ ಅಧಿಕಾರಿ ಆಲ್ಕರ್ ಟ್ರಿಪ್ 1942ರ ತಮ್ಮ ಪುಸ್ತಕದಲ್ಲಿ ವಾಹನವನ್ನೂ ನಡೆಯುವವರನ್ನೂ ಪೂರ್ತಿ ಬೇರ್ಪಡಿಸಬೇಕೆಂದು ವಾದಿಸಿದರು. ಮುಂದಿನ ದಶಕಗಳಲ್ಲಿ ಫುಟ್‌ಪಾತಿನ ಅಂಚಿಗೆ ಕಬ್ಬಿಣದ ಬೇಲಿ, ನೆಲದಡಿ ಸುರಂಗ, ತಲೆಯ ಮೇಲೆ ಸೇತುವೆ ಬಂದವು. ಕಾರು ನೆಲದ ಮೇಲೆ ನೇರ ಹೋಯಿತು, ಮನುಷ್ಯ ಹತ್ತಿ ಇಳಿದ. ಈ ಶತಮಾನದ ಮೊದಲಲ್ಲಿ ಲಂಡನ್ನಿನ ಕೆನ್ಸಿಂಗ್ಟನ್ ಹೈ ಸ್ಟ್ರೀಟಿನಿಂದ ಆ ಬೇಲಿಗಳನ್ನು ಕಿತ್ತುಹಾಕಿದರು. ಅಪಘಾತ ಹೆಚ್ಚುತ್ತದೆಂದು ಹೆದರಿದವರಿದ್ದರು, ಆದದ್ದು ತಿರುವುಮುರುವು. 2022ರ ಜನವರಿಯಲ್ಲಿ ಬ್ರಿಟನ್ನಿನ ರಸ್ತೆ ನಿಯಮಾವಳಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪಟ್ಟೆಯ ಮೇಲೆ ಇಳಿದವರಿಗಷ್ಟೇ ಅಲ್ಲ, ದಾಟಲು ಬದಿಯಲ್ಲಿ ಕಾಯುತ್ತಿರುವವರಿಗೂ ವಾಹನ ನಿಲ್ಲಬೇಕು. ಪಟ್ಟೆಯಿಂದ ಫುಟ್‌ಪಾತಿನ ಅಂಚಿಗೆ ಆ ಹಕ್ಕು ಬರಲು ಎಪ್ಪತ್ತು ವರ್ಷ ಬೇಕಾಯಿತು.

ನೆದರ್‌ಲ್ಯಾಂಡ್ಸಿನವರು ಮಾತಿನಿಂದಲೇ ಶುರುಮಾಡಿದರು. 1971ರಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಮರುವರ್ಷ ಬರೆದ ಲೇಖನದ ತಲೆಬರಹ 'ಮಕ್ಕಳ ಕೊಲೆ ನಿಲ್ಲಿಸಿ' ಎಂದಿತ್ತು. ಅಪಘಾತ ಅನ್ನಲಿಲ್ಲ, ಕೊಲೆ ಅಂದರು. ತಂದೆತಾಯಿಯರು ಅದನ್ನೇ ಚಳವಳಿಯ ಹೆಸರಾಗಿಸಿಕೊಂಡು ಬೀದಿಗಿಳಿದರು. ಮನೆಗಳಿರುವ ಬೀದಿಗಳನ್ನು 'ವೂನೆರ್ಫ್' ಎಂದು ಗುರುತಿಸುವ ಕಾನೂನು 1976ರಲ್ಲಿ ಬಂತು. ಆ ಪದಕ್ಕೆ ನಮ್ಮ 'ಅಂಗಳ' ಹತ್ತಿರದ ಪದ. ಅಂಥ ಬೀದಿಯ ಇಡೀ ಅಗಲವೂ ನಡೆಯುವವರದು, ಆಡುವ ಮಕ್ಕಳದು. ಕಾರು ಅಲ್ಲಿ ಮನುಷ್ಯನ ನಡಿಗೆಯ ವೇಗದಲ್ಲಿ ಬರಬೇಕು. ಈಗ ಅಲ್ಲಿನ ಕಾನೂನಿನಲ್ಲಿ, ಕಾರು ನಡೆಯುವವರಿಗೆ ಬಡಿದರೆ ಪರಿಹಾರದ ಹೊಣೆ ಮೊದಲು ಕಾರಿನವರದು. 14 ವರ್ಷದೊಳಗಿನ ಮಗುವಾದರೆ, ಮಗುವೇ ಓಡಿ ಬಂತು ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

*

ಇನ್ನು ನಮ್ಮಲ್ಲಿಗೆ ಬರೋಣ. ಭಾರತದಲ್ಲಿ ಇಂಥ ಕಾನೂನೇ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ತಪ್ಪು. 1860ರ ದಂಡ ಸಂಹಿತೆಯ 279ನೇ ಕಲಮು ಸಾರ್ವಜನಿಕ ದಾರಿಯಲ್ಲಿ ಅಜಾಗರೂಕತೆಯಿಂದ ಗಾಡಿ ಓಡಿಸುವುದನ್ನು ಅಪರಾಧ ಎಂದಿತ್ತು. ಕಾರು ಹುಟ್ಟುವ ಮೊದಲು, ಕುದುರೆಗಾಡಿಗಳ ಕಾಲದಲ್ಲಿ ಬರೆದ ಆ ಕಲಮು ಎಚ್ಚರದ ಹೊಣೆಯನ್ನು ಓಡಿಸುವವನ ಮೇಲೇ ಇಟ್ಟಿತ್ತು. 1988ರ ಮೋಟಾರು ವಾಹನ ಕಾಯಿದೆಯ ಬೆನ್ನಿಗೆ 1989ರಲ್ಲಿ ಬಂದು 2017ರವರೆಗೆ ಜಾರಿಯಲ್ಲಿದ್ದ ರಸ್ತೆ ನಿಯಮಗಳ 11ನೇ ನಿಯಮ ಇನ್ನೂ ಸ್ಪಷ್ಟವಾಗಿತ್ತು: ಸಿಗ್ನಲ್ ಅಥವಾ ಪೊಲೀಸ್ ಇಲ್ಲದ ದಾಟುಪಟ್ಟಿಗಳಲ್ಲಿ ಮೊದಲ ಹಕ್ಕು ಪಾದಚಾರಿಯದು. ಫುಟ್‌ಪಾತಿನ ಮೇಲೆ ವಾಹನ ಓಡಿಸುವಂತಿಲ್ಲ ಎಂದೂ ಅದೇ ನಿಯಮ ಹೇಳುತ್ತಿತ್ತು.

ಗ್ರಂಥಾಲಯದಲ್ಲಿ ಕೂತು ಆ ಎರಡು ಸಾಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಬಂದೆ. ದೊಡ್ಡಪ್ಪ ದಾಟುತ್ತಿದ್ದ ಜಾಗದಲ್ಲಿ ಸಿಗ್ನಲ್ ಇರಲಿಲ್ಲ, ಪೊಲೀಸ್ ಇರಲಿಲ್ಲ, ಪಟ್ಟೆಗಳಿದ್ದವು. ಅಂದರೆ ಅವರು ತಮ್ಮ ಹಕ್ಕಿನ ನೆಲದ ಮೇಲೆ ನಡೆಯುತ್ತಿದ್ದರು. ನಾನು ಆ ಪತ್ರ ಬರೆಯುವ ಹೊತ್ತಿಗೆ ನಿಯಮಕ್ಕೆ ಕಾಲು ಶತಮಾನ ಕಳೆದಿತ್ತು. ಅದು ನಮಗಾರಿಗೂ ಗೊತ್ತಿರಲಿಲ್ಲ, ಆ ಹುಡುಗನಿಗೂ.

1930ರ ದಶಕದ ಬ್ರಿಟನ್ನಿನಲ್ಲಿ ಹಕ್ಕು ಕಾಗದದ ಮೇಲಿತ್ತು, ಗುರುತು ಕಾಣುತ್ತಿರಲಿಲ್ಲ. ನಮ್ಮಲ್ಲಿ ಗುರುತು ಕಾಣುತ್ತದೆ, ಅದು ಹಕ್ಕೆಂದು ಯಾರಿಗೂ ಕಾಣುವುದಿಲ್ಲ. ಬೆಂಗಳೂರಿನ ಯಾವ ಸಿಗ್ನಲಿನಲ್ಲಾದರೂ ನಿಂತು ನೋಡಿ. ಕೆಂಪು ದೀಪ ಬಿದ್ದಾಗ ಬೈಕುಗಳು ನಿಲ್ಲುವುದೇ ಆ ಪಟ್ಟೆಗಳ ಮೇಲೆ. ದಾಟುವವರು ಬಂಪರುಗಳ ನಡುವೆ ಸಂದಿ ಹುಡುಕಿಕೊಂಡು ನುಸುಳಬೇಕು. ದೀಪ ಹಸಿರಾದರೆ ಫುಟ್‌ಪಾತಿನ ಮೇಲೂ ಹಾರನ್ನು. ವಯಸ್ಸಾದವರು ದಾಟಲು ಕಷ್ಟಪಡುತ್ತಾರೆ ಎಂದಾಗ ನಾವು ಕೊಡುವ ಉತ್ತರ ಸ್ಕೈವಾಕ್, ಅಂದರೆ ಮಂಡಿನೋವಿನವರಿಗೆ ಮೆಟ್ಟಿಲು. ಲಿಫ್ಟಿದ್ದರೂ ಅದು ನಡೆಯುತ್ತಿದ್ದರೆ ಪುಣ್ಯ.

ಇದರ ಲೆಕ್ಕ ದೊಡ್ಡದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ದಿನಕ್ಕೆ ಸರಾಸರಿ 90 ಜನ. ಮರುದಿನದ ಪತ್ರಿಕೆಯಲ್ಲಿ ಇವರಿಗೆ ಸಿಗುವುದು 'ವಾಹನ ಡಿಕ್ಕಿ: ಪಾದಚಾರಿ ಸಾವು' ಎಂಬ ನಾಲ್ಕು ಪದ. ಆ ತಲೆಬರಹದಲ್ಲಿ ಸತ್ತವನಿದ್ದಾನೆ, ವಾಹನವಿದೆ, ಓಡಿಸಿದವನಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಸರಿಯಾದ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ನಡೆದು ಹೋಗುವುದನ್ನು ಬದುಕುವ ಹಕ್ಕು ಎಂದು ಕೋರ್ಟು ಹೇಳಬೇಕಾಗಿ ಬಂದದ್ದು ನಮ್ಮ ಸ್ಥಿತಿಯನ್ನು ತಿಳಿಸುತ್ತದೆ.

ಆದರೂ ಬೀದಿಯ ನೆನಪು ನಮ್ಮಿಂದ ಪೂರ್ತಿ ಅಳಿದಿಲ್ಲ. ಕರಗದ ರಾತ್ರಿ ಬೆಂಗಳೂರಿನ ಪೇಟೆಯ ಬೀದಿಗಳು ನಡೆಯುವವರಿಗೆ ಮರಳುತ್ತವೆ. ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಕಡಲೆಕಾಯಿ ರಾಶಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯಲ್ಲಿ ಚರ್ಚ್ ಸ್ಟ್ರೀಟಿಗೆ ವಾಹನ ಬಿಡದೆ ನೋಡಿದಾಗಲೂ ಜನ ಒಂದೆರಡು ಗಂಟೆಯೊಳಗೆ ರಸ್ತೆಯ ನಡುವೆ ನಡೆಯಲು ಕಲಿತುಬಿಟ್ಟಿದ್ದರು. ಅಲ್ಲೆಲ್ಲ ಯಾರೂ ಯಾರಿಗೂ ಅಡ್ಡ ಬರಲಿಲ್ಲ.

*

ದೊಡ್ಡಪ್ಪ ಆಮೇಲೆ ಕೋಲು ಹಿಡಿದೇ ನಡೆದರು. ಬೆಂಗಳೂರಿಗೆ ಮತ್ತೆ ಬರಲಿಲ್ಲ. "ಆ ಊರಲ್ಲಿ ನಡೆಯೋಕೆ ನನಗೆ ಬರಲ್ಲ ಕಣವ್ವ" ಅನ್ನುತ್ತಿದ್ದರು. ಬೆಳಗಾದರೆ ತೋಟಕ್ಕೆ ನಾಲ್ಕು ಮೈಲಿ ನಡೆದು ಹೋಗಿ ಬರುತ್ತಿದ್ದ ಮನುಷ್ಯ, ತನಗೆ ನಡೆಯಲು ಬರುವುದಿಲ್ಲ ಎಂದು ನಂಬಿಕೊಂಡೇ ಮೂರು ವರ್ಷದ ಹಿಂದೆ ತೀರಿಕೊಂಡರು. ಆ 11ನೇ ನಿಯಮ ನನ್ನ ಕಣ್ಣಿಗೆ ಬಿದ್ದದ್ದು ಅದಾದ ಮೇಲೆ. ಅವರಿಗೆ ಓದಿ ಹೇಳಲಾಗಲಿಲ್ಲ.

ಕಳೆದ ತಿಂಗಳು ಅದೇ ಜಾಗದಲ್ಲಿ ರಸ್ತೆ ದಾಟಿದೆ. ಪಟ್ಟೆಗಳಿಗೆ ಹೊಸ ಬಣ್ಣ ಹೊಡೆದಿದ್ದರು. ಎಲ್ಲರ ಹಾಗೆ ನಾನೂ ಅಂಗೈ ಮುಂದೆ ಚಾಚಿ, ಬರುತ್ತಿದ್ದ ಗಾಡಿಗಳ ಕಡೆ ಒಂಥರಾ ಬೇಡಿಕೊಳ್ಳುವ ಮುಖ ಮಾಡಿಕೊಂಡು ಓಡಿದೆ. ನಿಯಮ ಗೊತ್ತಿದ್ದೂ ಓಡಿದೆ. ಆಚೆ ಬದಿ ಸೇರಿ ನಿಂತಾಗ ಆ ಪತ್ರ ನೆನಪಾಯಿತು. ಅದನ್ನು ಮತ್ತೆ ಬರೆಯುವ ಅವಕಾಶ ಸಿಕ್ಕಿದ್ದರೆ ನಾನು ಎರಡು ಸಣ್ಣ ವಾಕ್ಯ ಬರೆಯುತ್ತಿದ್ದೆ: ನಮ್ಮ ದೊಡ್ಡಪ್ಪನವರು ರಸ್ತೆ ದಾಟುತ್ತಿದ್ದರು. ಕಾರು ಅಡ್ಡ ಬಂತು.